ಇಬ್ಬರು ಹೆಂಗಸರ ತೋಳಬಲ

ಹಿರೇನಲ್ಲೂರಿನ ಕಡೆಯ ನಮಗೆ ಸಂಹಾರದ ಶಿಲ್ಪ ಹೊಸದಲ್ಲ. ಹಳೇಬೀಡಿನ ಗೋಡೆಯಲ್ಲಿ ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹನಿಗೆ ಕೈ ಮುಗಿದು ಬಂದವರು ನಾವು. ಅಲ್ಲಿ ಕೊಲ್ಲುವವನು ದೇವರು, ಅವನಿಗೆ ಆಯಾಸವಿಲ್ಲ. ಇಟಲಿಯ ಆರ್ಟಿಮಿಸಿಯಾ ಜೆಂಟಿಲೆಸ್ಕಿ ಸುಮಾರು 1620ರಲ್ಲಿ ಬರೆದ, ಫ್ಲಾರೆನ್ಸಿನ ಉಫೀಜಿ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ಕೊಲ್ಲುವವರು ಇಬ್ಬರು ಹೆಂಗಸರು.

ಊರಿಗೆ ಮುತ್ತಿಗೆ ಹಾಕಿದ ಸೇನಾಪತಿ ಹೊಲೊಫೆರ್ನಿಸ್ ಕುಡಿದು ಮಲಗಿದಾಗ, ವಿಧವೆ ಜೂಡಿತ್ ಅವನದೇ ಕತ್ತಿಯಿಂದ ಅವನ ತಲೆ ಕಡಿಯುವ ಕಥೆ ಕ್ಯಾಥೊಲಿಕರ ಬೈಬಲ್ಲಿನಲ್ಲಿದೆ; ಚಿತ್ರದಲ್ಲಿರುವುದು ಅದೇ. ಚಿತ್ರಕಾರ ಕಾರವಾಜಿಯೊ ಸುಮಾರು 1599ರಲ್ಲಿ ಇದನ್ನೇ ಬರೆದಿದ್ದ. ಅವನ ಜೂಡಿತ್ ಅಳುಕಿ ಹಿಂದೆ ಸರಿಯುತ್ತಾಳೆ, ಮುದಿ ದಾಸಿ ಬರೀ ನೋಡುತ್ತಾಳೆ. ಆರ್ಟಿಮಿಸಿಯಾಳ ದಾಸಿಯೋ ಗಟ್ಟಿ ಯುವತಿ, ಹೊಲೊಫೆರ್ನಿಸನನ್ನು ಹಾಸಿಗೆಗೆ ಅದುಮಿ ಹಿಡಿದಿದ್ದಾಳೆ. ಜೂಡಿತ್ ತೋಳೇರಿಸಿ, ಅವನ ಕೂದಲು ಹಿಡಿದು ಕತ್ತಿ ಎಳೆಯುತ್ತಾಳೆ. ಹಿಂದೆಲ್ಲ ಕತ್ತಲು, ಬಿಳಿ ಹಾಸಿನ ಮೇಲೆ ನೆತ್ತರು.

ಈ ಚಿತ್ರಕ್ಕೂ ಮೊದಲು, 1611ರಲ್ಲಿ, ಚಿತ್ರಕಾರ ತಾಸ್ಸಿ ಆರ್ಟಿಮಿಸಿಯಾಳ ಮೇಲೆ ಅತ್ಯಾಚಾರ ಎಸಗಿದ. ಮರುವರ್ಷದ ವಿಚಾರಣೆಯಲ್ಲಿ, ಸತ್ಯ ಪರೀಕ್ಷೆಗೆಂದು, ದೂರು ಹೇಳಿದವಳ ಬೆರಳುಗಳಿಗೇ ಹಗ್ಗ ಬಿಗಿದರು! ಆದರೂ ಚಿತ್ರವನ್ನು ಬರೀ ಸೇಡೆಂದು ನೋಡಿದರೆ ಆಕೆಯ ಕೈಚಳಕಕ್ಕೆ ಅನ್ಯಾಯ. ಒಂದು ತಲೆ ಕಡಿಯಲು ಎಷ್ಟು ಬಲ ಬೇಕೆಂಬುದನ್ನು ಕಾರವಾಜಿಯೊಗಿಂತ ಆಕೆಯೇ ಚೆನ್ನಾಗಿ ಬರೆದಿದ್ದಾಳೆ.