ಮಂದಣ್ಣನ ತಿಳಿವಳಿಕೆ, ನಮ್ಮ ಅರಿಶಿನ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಓದಿದವರೆಲ್ಲ ಹಾರುವ ಓತಿಯ ಬೆನ್ನು ಹತ್ತಿ ಹೋಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವವನು ಮಾತ್ರ ಮಂದಣ್ಣ. ಬೇರೆಯವರ ಕಣ್ಣಿಗೆ ಅವನೊಬ್ಬ ದಡ್ಡ. ಆದರೆ ಜೇನಿನ ಜಾಡು, ಕಾಡಿನ ಹುಳಹುಪ್ಪಟೆ ಅವನಿಗೆ ಗೊತ್ತು. ಆ ಓತಿಯನ್ನು ಕಂಡವನೂ ಅವನೇ. ವಿಜ್ಞಾನಿ ಕರ್ವಾಲೊ ಅವನ ಮಾತನ್ನು ಕಣ್ಣುಮುಚ್ಚಿ ನಂಬುವುದಿಲ್ಲ, ತಳ್ಳಿಹಾಕುವುದೂ ಇಲ್ಲ. ಹೋಗಿ ನೋಡೋಣ ಎಂದು ಹೊರಡುತ್ತಾರೆ, ಅವನನ್ನೂ ಜೊತೆಗೆ ಕರೆದುಕೊಂಡು. ಅವನು ಕೇಸಿನಲ್ಲಿ ಸಿಕ್ಕಿಬಿದ್ದಾಗ ಕೈಬಿಡುವುದಿಲ್ಲ. ತಿಳಿವಳಿಕೆಗೆ ಬೆಲೆ ಕೊಡುವುದೆಂದರೆ ತಿಳಿದವನಿಗೂ ಬೆಲೆ ಕೊಡುವುದು. ಕಾದಂಬರಿಯ ದೊಡ್ಡತನ ಇದರಲ್ಲಿದೆ ಎಂದು ನನ್ನ ಎಣಿಕೆ.

ಹೊರಜಗತ್ತಿನ ರೀತಿ ಬೇರೆ. ಗಾಯಕ್ಕೆ ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು! ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಸಂತೋಷವೇ. ಆದರೆ ಸಾಕ್ಷಿ ನುಡಿದವರು ಯಾರು? ಹಳೆಯ ಗ್ರಂಥಗಳು, 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನ. ಬೇರೆ ದೇಶದ ಮನೆಮನೆಯಲ್ಲಿ ಬಳಕೆಯಲ್ಲಿದೆ ಎಂದರೆ ಆಗಿನ ಅಮೆರಿಕದ ಕಾನೂನಿಗೆ ಸಾಲುತ್ತಿರಲಿಲ್ಲ, ಅಚ್ಚಾಗಿರಬೇಕಿತ್ತು. ಮಗುವಿನ ಮೊಣಕಾಲಿಗೆ ಅರಿಶಿನ ಮೆತ್ತಿದ ತಾಯಿ ಲೆಕ್ಕಕ್ಕೆ ಬರಲಿಲ್ಲ. 2001ರಲ್ಲಿ ನಮ್ಮ ಸರ್ಕಾರ ಆರಂಭಿಸಿದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವೂ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳನ್ನೇ ನೆಚ್ಚಿಕೊಂಡಿದೆ. ಬಾಯಿಂದ ಬಾಯಿಗೆ ಬಂದದ್ದರ ಗತಿಯೇನು?

ಇಲ್ಲಿಯೇ ‘ಕರ್ವಾಲೊ’ ಮೇಲೆ ನನ್ನದೊಂದು ಸಣ್ಣ ತಕರಾರು. ಮಂದಣ್ಣ ಕೈಹಿಡಿದ ರಾಮಿ ಕಾದಂಬರಿಯಲ್ಲಿ ಮದುವೆಯ ಗಡಿಬಿಡಿಯಾಗಿ ಬಂದು ಹೋಗುತ್ತಾಳೆ. ಅವಳೂ ಅದೇ ಕಾಡಿನಂಚಿನವಳು. ಯಾವ ಸೊಪ್ಪು ಬಾಣಂತಿಗೆ ಆಗುತ್ತದೆ, ಬಿತ್ತನೆಯ ಬೀಜಕ್ಕೆ ಹುಳು ಬೀಳದಂತೆ ಏನು ಮಾಡಬೇಕು ಎಂದು ಅವಳನ್ನು ಕೇಳಿದ್ದರೆ? ಮಂದಣ್ಣನಿಗೆ ಒಬ್ಬ ಕರ್ವಾಲೊ ಸಿಕ್ಕರು, ರಾಮಿಗೆ ಸಿಗಲಿಲ್ಲ.

ಪೇಟೆಯಲ್ಲಿರುವ ನಮಗೆ ಓದುಬರಹ ಗೊತ್ತು. ಅತ್ತೆಯನ್ನೋ, ಸೊಪ್ಪು ಮಾರಲು ಬರುವ ಅಜ್ಜಿಯನ್ನೋ ಕೂರಿಸಿಕೊಂಡು ಕೇಳಿ ಬರೆದಿಡುವುದು ಆಗದ ಕೆಲಸವೇ? ಬರೆಯುವಾಗ ಹೇಳಿದವರ ಹೆಸರನ್ನೂ ಬರೆಯೋಣ, ಬಿಡಬಾರದು. ಹೆಸರು ಬಿಟ್ಟರೆ ಅವರ ತಿಳಿವಳಿಕೆಯನ್ನು ನಾವೂ ಪೇಟೆಂಟಿನವರಂತೆಯೇ ಎತ್ತಿಕೊಂಡು ಹೋದಂತೆ.