ಟೈ ಬಿಚ್ಚಿದವರ ನಿಯಮ

'ಬಿಸಿನೆಸ್ ಕ್ಯಾಶುವಲ್' ಎಂಬ ಜೋಡಿ ಪದ ಈಗ ನಮ್ಮ ಹುಬ್ಬಳ್ಳಿ-ಧಾರವಾಡದ ಆಫೀಸುಗಳ ಸುತ್ತೋಲೆಗಳಿಗೂ ಬಂದು ಕೂತಿದೆ. ಕನ್ನಡದಲ್ಲಿ ಇದಕ್ಕೊಂದು ಪದ ಹುಡುಕಿದರೆ ಸಿಗುವುದಿಲ್ಲ. ಕೆಲಸಕ್ಕೆ ಒಪ್ಪುವ, ಆದರೆ ಬಿಗುವಿಲ್ಲದ ಉಡುಪು ಎಂದು ಅರ್ಥ ಬಿಡಿಸಿ ಹೇಳಬಹುದು, ಅಷ್ಟೆ. ಗಂಡಸರಿಗೆ ಅದನ್ನೂ ಹೇಳಬೇಕಾಗಿಲ್ಲ. ಕೋಟನ್ನು ಮನೆಯಲ್ಲಿ ಬಿಟ್ಟು, ಟೈ ಬಿಚ್ಚಿಟ್ಟು, ಕಾಲರಿನ ಅಂಗಿ ತೊಟ್ಟು, ಇಸ್ತ್ರಿ ಮಾಡಿದ ಪ್ಯಾಂಟು ಏರಿಸಿದರೆ ಸುತ್ತೋಲೆಯ ಪಾಲನೆ ಮುಗಿಯಿತು. ಐವತ್ತು ದಾಟಿದ, ಹತ್ತಿಪ್ಪತ್ತು ಜನರ ಕೆಲಸ ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳು ಅದೇ ಸುತ್ತೋಲೆ ಓದಿದರೆ ಏನು ಮಾಡಬೇಕು? ಅವಳಿಗೆ ಬಿಚ್ಚಿಡಲು ಟೈ ಎಲ್ಲಿದೆ? ಸಡಿಲ ಮಾಡಬೇಕಾದದ್ದು ಯಾವುದು, ಸೆರಗೋ, ನಿರಿಗೆಯೋ, ತುರುಬೋ?

ಪ್ರಶ್ನೆ ತಮಾಷೆಯದೆನಿಸಬಹುದು. ಆದರೆ ನಾನಿರುವ ಗೋಪನಕೊಪ್ಪದಲ್ಲಿ ಇದು ದಿನದಿನದ ಪ್ರಶ್ನೆ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಊರನ್ನು ಹುಬ್ಬಳ್ಳಿ ಮೆಲ್ಲಗೆ ತನ್ನೊಳಗೆ ಎಳೆದುಕೊಂಡಿದೆ. ಹಳೆಯ ಓಣಿಗಳ ಪಕ್ಕದಲ್ಲೇ ಹೊಸ ಬಡಾವಣೆಗಳು ಎದ್ದಿವೆ. ಮುಂಜಾನೆ ಒಂಬತ್ತರ ಹೊತ್ತಿಗೆ ಇಲ್ಲಿಂದ ಬ್ಯಾಂಕಿಗೆ, ರೈಲ್ವೆ ಕಚೇರಿಗೆ, ಕಾಲೇಜಿಗೆ, ಗೋಕುಲ ರಸ್ತೆಯ ಕಂಪನಿಗಳಿಗೆ ಹೊರಡುವ ಹೆಂಗಸರನ್ನು ನೋಡಿದರೆ, ಒಬ್ಬೊಬ್ಬರೂ ಕನ್ನಡಿಯ ಮುಂದೆ ಒಂದೊಂದು ವಾದ ಮುಗಿಸಿ ಬಂದಿರುತ್ತಾರೆ ಎನಿಸುತ್ತದೆ. ನೆರೆಮನೆಯ ಗೆಳತಿಯೊಬ್ಬಳು ಖಾಸಗಿ ಕಂಪನಿಯೊಂದರಲ್ಲಿ ಹಿರಿಯ ಹುದ್ದೆಯಲ್ಲಿದ್ದಾಳೆ. ಒಮ್ಮೆ ಅವಳೆಂದಳು: "ಅಕ್ಕಾರ, ಸೀರಿ ಉಟ್ಟ್ರ ಹಳೇ ಕಾಲದಾಕಿ ಅಂತಾರ. ಚೂಡಿದಾರ ಹಾಕ್ಕೊಂಡ್ರ ವಯಸ್ಸು ಮುಚ್ಚಿಕೊಳ್ಳಾಕತ್ತಾಳ ಅಂತಾರ. ಪ್ಯಾಂಟ್ ಹಾಕ್ಕೊಂಡ್ರ ಆಫೀಸಿನ್ಯಾಗ ಯಾರೂ ಏನೂ ಅನ್ನಂಗಿಲ್ಲ, ಮನ್ಯಾಗ ಅತ್ತೀಯವರು ಮಾರಿ ತಿರುವತಾರ. ಏನ್ ಉಡ್ಲಿರಿ ನಾ?"

ಈ ಮಾತಿಗೆ ಉತ್ತರ ಕೊಡುವ ಮೊದಲು ಈ ನಿಯಮ ಎಲ್ಲಿಂದ ಬಂತು ಎಂದು ನೋಡಬೇಕು. ಅಮೆರಿಕದ ಹವಾಯಿ ದ್ವೀಪಗಳಲ್ಲಿ 1960ರ ದಶಕದಲ್ಲಿ ಅಲ್ಲಿನ ಬಟ್ಟೆ ತಯಾರಕರು ಒತ್ತಾಯ ಹಾಕಿ, ಶುಕ್ರವಾರದಂದು ಹೂವಿನ ಚಿತ್ತಾರದ ಅಂಗಿ ತೊಟ್ಟು ಆಫೀಸಿಗೆ ಬರುವ ರೂಢಿ ಬೆಳೆಸಿದರು. ಆ ರೂಢಿ ಸಮುದ್ರ ದಾಟಿ ಅಮೆರಿಕದ ಉಳಿದ ಭಾಗಕ್ಕೂ ಹಬ್ಬಿತು. ಜನ ಏನು ತೊಡಬೇಕೆಂದು ತಿಳಿಯದೆ ಮನಸ್ಸಿಗೆ ಬಂದದ್ದು ತೊಟ್ಟು ಬರತೊಡಗಿದಾಗ, 1992ರಲ್ಲಿ ಲೀವೈಸ್ ಕಂಪನಿ ಎಂಟು ಪುಟದ ಕೈಪಿಡಿಯೊಂದನ್ನು ಅಚ್ಚುಹಾಕಿಸಿ ಸುಮಾರು 25,000 ಸಿಬ್ಬಂದಿ ವ್ಯವಸ್ಥಾಪಕರಿಗೆ ಕಳಿಸಿತು. ಆಫೀಸಿಗೆ ಹಗುರ ಉಡುಪೆಂದರೆ ಹೀಗಿರಬೇಕು ಎಂದು ಅದರಲ್ಲಿ ಚಿತ್ರಸಹಿತ ತೋರಿಸಿತ್ತು. ಚಿತ್ರಗಳಲ್ಲಿ ಎದ್ದು ಕಂಡದ್ದು ಆ ಕಂಪನಿಯೇ ಮಾರುತ್ತಿದ್ದ ಡಾಕರ್ಸ್ ಪ್ಯಾಂಟು! ಪ್ಯಾಂಟು ಮಾರುವವರು ಬರೆದ ಪಾಠವನ್ನು ಜಗತ್ತಿನ ಆಫೀಸುಗಳು ಶಿಸ್ತಿನ ನಿಯಮವೆಂದು ಒಪ್ಪಿಕೊಂಡವು. ನಮ್ಮ ಇನ್ಫೋಸಿಸ್ ಕೂಡ 2015ರ ಜೂನ್‌ನಿಂದ ವಾರದ ಎಲ್ಲ ದಿನಗಳಿಗೂ ಈ ಹಗುರ ಉಡುಪಿಗೆ ಒಪ್ಪಿಗೆ ಕೊಟ್ಟಿತು. ಸೆಖೆಯ ನಾಡಿನಲ್ಲಿ ಕತ್ತಿಗೆ ಟೈ ಬಿಗಿದು ಬೆವರುತ್ತಿದ್ದ ಹುಡುಗರಿಗೆ ಅದು ನಿಜಕ್ಕೂ ಉಪಕಾರವೇ. ನನ್ನ ತಕರಾರು ಅದರ ಬಗ್ಗೆ ಇಲ್ಲ. ಗಂಡಸಿನ ಸೂಟಿನಿಂದ ಒಂದೊಂದೇ ಕಳೆಯುತ್ತ ಹೋಗಿ ಮಾಡಿದ ಲೆಕ್ಕ ಇದು. ಸೂಟನ್ನೇ ತೊಡದವಳಿಗೆ ಈ ಲೆಕ್ಕ ಕೂಡುವುದಿಲ್ಲ.

ನಮ್ಮಲ್ಲಿ ಹೆಣ್ಣಿನ ಉಡುಪಿಗೆ ನಿಯಮ ಇರಲಿಲ್ಲವೆಂದಲ್ಲ. ನಮ್ಮೂರಿನದೇ ಉದಾಹರಣೆ ಇದೆ. 1960ರ ದಶಕದ ಕೊನೆಯಲ್ಲಿ ಸುಧಾ ಮೂರ್ತಿಯವರು ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಸೇರಲು ಹೋದಾಗ ಪ್ರಾಂಶುಪಾಲರು ಮೂರು ಶರತ್ತು ಹಾಕಿದ್ದರಂತೆ: ಸೀರೆ ಉಟ್ಟೇ ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ಇದನ್ನು ಅವರೇ ಹಲವು ಸಂದರ್ಶನಗಳಲ್ಲಿ ನಗುನಗುತ್ತ ಹೇಳಿಕೊಂಡಿದ್ದಾರೆ. ಆ ಶರತ್ತುಗಳನ್ನು ಇಂದು ಯಾರೂ ಮೆಚ್ಚಲಾರರು. ಆದರೂ ಅದರಲ್ಲೊಂದು ಗುಣವಿತ್ತು: ಏನು ಬೇಕೆಂದು ಬಾಯಿಬಿಟ್ಟು ಹೇಳಲಾಗಿತ್ತು. ಒಪ್ಪಬಹುದಿತ್ತು, ಜಗಳವಾಡಬಹುದಿತ್ತು. ಇಂದಿನ ಸುತ್ತೋಲೆ ಹೆಣ್ಣಿಗೆ ಏನನ್ನೂ ಹೇಳುವುದಿಲ್ಲ, ಆದರೆ ಎಲ್ಲವನ್ನೂ ಗಮನಿಸುತ್ತದೆ. ಜಗಳವಾಡೋಣವೆಂದರೆ ಎದುರಿಗೆ ನಿಯಮವೇ ಇರುವುದಿಲ್ಲ.

ಇದು ನನ್ನ ಅನುಭವಕ್ಕೂ ಬಂದ ಮಾತು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ವರ್ಷದ ಕೊನೆಯ ವರದಿಯಲ್ಲಿ ನನ್ನ ಕೆಲಸದ ಬಗ್ಗೆ ಒಳ್ಳೆಯ ಮಾತುಗಳನ್ನೇ ಬರೆದು, ಕೊನೆಗೊಂದು ಸಾಲು ಸೇರಿಸಿದ್ದರು: ಗ್ರಾಹಕರ ಮುಂದೆ ಇನ್ನಷ್ಟು ಈ ಕಾಲದವರಂತೆ ಕಾಣಬೇಕು. ಹತ್ತು ವರ್ಷಗಳಿಂದ ಅದೇ ನಾಲ್ಕು ಚೌಕಡಿ ಅಂಗಿಗಳಲ್ಲಿ ಬರುತ್ತಿದ್ದ ಸಹೋದ್ಯೋಗಿಯ ವರದಿಯಲ್ಲಿ ಅಂಥ ಸಾಲು ಇರಲಿಲ್ಲ. "ನಿಯಮ ಎಲ್ಲಿ ಬರೆದೀರಿ, ತೋರಸ್ರಿ" ಎಂದು ಕೇಳಿದೆ. "ನಿಯಮ ಅಂತ ಏನಿಲ್ಲ ಮೇಡಮ್, ಒಟ್ಟಾರೆ ಇಂಪ್ರೆಶನ್" ಎಂಬ ಉತ್ತರ ಬಂತು. ಆ ಒಟ್ಟಾರೆ ಇಂಪ್ರೆಶನ್ನಿಗೆ ಮೇಲ್ಮನವಿ ಸಲ್ಲಿಸುವ ಕಟ್ಟೆ ಯಾವುದೂ ಇಲ್ಲ. ಬಡ್ತಿ, ಸಂಬಳ, ಮುಂದಿನ ಜವಾಬ್ದಾರಿ ಎಲ್ಲಕ್ಕೂ ಅದೇ ಬಾಗಿಲು.

ಸೀರೆ ಬಿಗುವಿನ ಉಡುಪೋ, ಹಗುರ ಉಡುಪೋ ಎಂಬ ಪ್ರಶ್ನೆಯೇ ಸೀರೆಯನ್ನು ಅರಿಯದವರದು. ನಮ್ಮ ಕಡೆ ಉಟ್ಟ ಸೀರೆ ನೋಡಿ ಇವಳು ಎಲ್ಲಿಗೆ ಹೊರಟಿದ್ದಾಳೆಂದು ಹೇಳುವಷ್ಟು ನಿಖರವಾದ ತರತಮಗಳಿವೆ. ಮನೆಗೆಲಸದ ಮೆತ್ತನೆಯ ಹತ್ತಿ ಸೀರೆ ಬೇರೆ, ಪೇಟೆಗೆ ಹೋಗುವುದು ಬೇರೆ, ಮಾತನಾಡಿಸಿ ಬರಲು ಹೋಗುವಾಗಿನದು ಬೇರೆ, ಕುಬುಸಕ್ಕೆ ಉಡಿಸುವ ಹಸಿರು ಸೀರೆ ಬೇರೆ. ಒಂದು ಇಳಕಲ್ಲ ಸೀರೆಯನ್ನೇ ತೆಗೆದುಕೊಳ್ಳಿ. ಅದರ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ತೋಪ ತೆನಿ ಸೆರಗು ಎಂಬ ಹೆಸರಿನ ಆ ಕೆಂಪು-ಬಿಳಿ ಸೆರಗೇ ಅದರ ಗುರುತು. ಒಡಲು ಹತ್ತಿಯದಾದರೆ ದಿನಬಳಕೆಗೆ, ರೇಷ್ಮೆಯಾದರೆ ಹಬ್ಬಕ್ಕೆ. ಮೇಲೆ ಕಸೂತಿಯ ಗೋಪುರ, ತೇರು, ಆನೆ ಬಂದರೆ ಅದು ಮದುವೆಮನೆಯ ಸೀರೆ. ಜೊತೆಗೆ ಗುಳೇದಗುಡ್ಡದ ಖಣದ ಪೋಲಕಾ ತೊಟ್ಟರೆ ಒಂದು ಅರ್ಥ, ಸಾದಾ ಪೋಲಕಾ ತೊಟ್ಟರೆ ಇನ್ನೊಂದು. ಇಷ್ಟು ಸೂಕ್ಷ್ಮ ಬಲ್ಲವಳಿಗೆ 'ಬಿಸಿನೆಸ್' ಮತ್ತು 'ಕ್ಯಾಶುವಲ್' ಎಂಬ ಎರಡೇ ಕಪಾಟು ಕೊಟ್ಟು, ನಿನ್ನದು ಯಾವುದರಲ್ಲಿ ಹಿಡಿಯುತ್ತದೆ ನೋಡು ಎನ್ನುವುದು ಅನ್ಯಾಯ.

ಈ ಅನ್ಯಾಯ ಜಗತ್ತಿನ ಕಣ್ಣಮುಂದೆಯೇ ನಡೆದದ್ದೂ ಉಂಟು. 2014ರ ಸೆಪ್ಟೆಂಬರ್ 24ರಂದು ಇಸ್ರೋದ ಮಂಗಳ ನೌಕೆ ಮಂಗಳನ ಕಕ್ಷೆ ಸೇರಿತು. ಆಗ ಬೆಂಗಳೂರಿನಲ್ಲಿ ತೆಗೆದ ಒಂದು ಫೋಟೋ ನಿಮಗೂ ನೆನಪಿರಬೇಕು. ರೇಷ್ಮೆ ಸೀರೆ ಉಟ್ಟ, ಮುಡಿಗೆ ಮಲ್ಲಿಗೆ ಮುಡಿದ ಹೆಂಗಸರು ಸಂತೋಷ ತಡೆಯಲಾರದೆ ಒಬ್ಬರನ್ನೊಬ್ಬರು ಅಭಿನಂದಿಸುತ್ತಿದ್ದರು. ಅದು ಊರೂರು ಸುತ್ತಿತು. ಸೀರೆ ಉಟ್ಟವರೂ ಮಂಗಳಕ್ಕೆ ನೌಕೆ ಕಳಿಸಬಲ್ಲರು ಎಂದು ಜಗತ್ತು ಬೆರಗಾಯಿತು. ಬೆರಗಾಗುವಂಥದ್ದು ಏನಿತ್ತು? ನಮ್ಮ ಕಣ್ಣಿಗೆ ಅದರಲ್ಲಿ ಕಂಡದ್ದು ಇಷ್ಟೇ: ಅಂದು ದೊಡ್ಡ ದಿನ, ದೊಡ್ಡ ದಿನಕ್ಕೆ ರೇಷ್ಮೆ.

ಆಮೇಲೆ ಇಸ್ರೋ ಸ್ಪಷ್ಟಪಡಿಸಿತು, ಚಿತ್ರದಲ್ಲಿದ್ದವರು ಆಡಳಿತ ವಿಭಾಗದ ಸಿಬ್ಬಂದಿ ಎಂದು. ಕೂಡಲೇ ಆ ಚಿತ್ರದ ಬೆಲೆ ಇಳಿದಂತೆ ಮಾತಾಡಿದವರಿದ್ದರು. ಆ ಯೋಜನೆಯಲ್ಲಿ ದುಡಿದ ಋತು ಕರಿಧಾಲ್, ನಂದಿನಿ ಹರಿನಾಥ್ ಮೊದಲಾದ ವಿಜ್ಞಾನಿಗಳ ಹೆಸರುಗಳು ಮುಂದೆ ಬಂದದ್ದು ಒಳ್ಳೆಯದೇ ಆಯಿತು; ಬರಲೇಬೇಕಾಗಿತ್ತು. ಆದರೆ ಕಡತ, ಲೆಕ್ಕ, ಖರೀದಿ, ಸಂಬಳ ನೋಡಿಕೊಳ್ಳುವವರಿಲ್ಲದೆ ಯಾವ ನೌಕೆ ಹಾರಿದೆ? ಆ ಹೆಂಗಸರನ್ನು ಮೊದಲು ಸೀರೆಗಾಗಿ ಹೊಗಳಿದರು, ಆಮೇಲೆ ಹುದ್ದೆಗಾಗಿ ಮರೆತರು. ಎರಡು ಸಲವೂ ಅವರ ಕೆಲಸವನ್ನು ಯಾರೂ ಕೇಳಲಿಲ್ಲ. ಆಫೀಸಿನಲ್ಲಿ ಹೆಣ್ಣಿನ ಉಡುಪನ್ನು ಓದುವ ಕ್ರಮದ ದೋಷವೇ ಇದು. ಹೊಗಳಿಕೆಯಾದರೂ ತೆಗಳಿಕೆಯಾದರೂ ಕಣ್ಣು ಬಟ್ಟೆಯ ಮೇಲೆಯೇ ನಿಂತುಬಿಡುತ್ತದೆ.

ಹಾಗಾದರೆ ನಿಯಮವೇ ಬೇಡವೇ? ಬೇಕು, ಆದರೆ ಕೆಲಸದಿಂದ ಹುಟ್ಟಿದ ನಿಯಮ ಬೇಕು. 2018ರ ಅಕ್ಟೋಬರ್‌ನಲ್ಲಿ ಕರ್ನಾಟಕ ಪೊಲೀಸ್ ಇಲಾಖೆ ಮಹಿಳಾ ಸಿಬ್ಬಂದಿ ಸೀರೆಯ ಬದಲು ಖಾಕಿ ಪ್ಯಾಂಟು-ಅಂಗಿ ತೊಡಬೇಕೆಂದು ಆದೇಶಿಸಿತು. ಆಗ ಇಲಾಖೆಯ ಮುಖ್ಯಸ್ಥರಾಗಿದ್ದವರು ನೀಲಮಣಿ ಎನ್. ರಾಜು, ರಾಜ್ಯದ ಆ ಹುದ್ದೆಗೇರಿದ ಮೊದಲ ಮಹಿಳೆ. ಕಳ್ಳನ ಹಿಂದೆ ಓಡುವವಳಿಗೆ ನಿರಿಗೆ ಅಡ್ಡ ಬರುತ್ತದೆ; ಕಾರಣ ಸ್ಪಷ್ಟವಾಗಿತ್ತು. ಸೀರೆಯ ಮೇಲೆ ಎಷ್ಟೇ ಅಭಿಮಾನವಿದ್ದರೂ ನಾನು ಆ ಆದೇಶದ ಪರ.

ಗೋಪನಕೊಪ್ಪದಿಂದ ಕೂಗಳತೆಯ ಬೆಂಗೇರಿಗೆ ಹೋದರೆ ಇನ್ನೊಂದು ಪಾಠ ಸಿಗುತ್ತದೆ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ. ಕೆಲಸಗಾರರಲ್ಲಿ ಬಹುತೇಕರು ಹೆಣ್ಣುಮಕ್ಕಳು. ಧ್ವಜದ ಉದ್ದ-ಅಗಲ, ಬಣ್ಣದ ಛಾಯೆ, ನೂಲಿನ ಗಟ್ಟಿತನ, ಹೊಲಿಗೆ ಎಲ್ಲಕ್ಕೂ ಬರೆದಿಟ್ಟ ಮಾನದಂಡವಿದೆ. ಅಳತೆಯೇ ಇಲ್ಲದೆ ಒಂದು ತುಂಡು ಬಟ್ಟೆಯನ್ನು ಯಾರೂ ಅಲ್ಲಿ ತಿರಸ್ಕರಿಸುವುದಿಲ್ಲ. ಬಟ್ಟೆಗೆ ಸಲ್ಲುವ ಈ ನ್ಯಾಯ ಬಟ್ಟೆ ತೊಟ್ಟವಳಿಗೆ ಯಾಕೆ ಸಲ್ಲಬಾರದು?

ಗೆಳತಿಯ ಪ್ರಶ್ನೆಗೆ ನಾನು ಕೊಡುವ ಉತ್ತರ ಇದು. ಕನ್ನಡಿಯ ಮುಂದೆ ನಿಂತಾಗ 'ಹೇಗೆ ಕಾಣುತ್ತೇನೆ' ಎಂಬ ಪ್ರಶ್ನೆಯನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಮೊದಲ ಪ್ರಶ್ನೆ, 'ಇಂದು ನನಗೇನು ಕೆಲಸ' ಎಂಬುದು. ದಿನವಿಡೀ ಮೀಟಿಂಗಿದ್ದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆಯಷ್ಟು ಗಂಭೀರವಾದದ್ದು ಬೇರೊಂದಿಲ್ಲ; ಸೆರಗನ್ನು ಮಡಿಸಿ ಭುಜಕ್ಕೆ ಪಿನ್ನು ಹಾಕಿದರೆ ಕೈಗೆ ಬಿಡುವು. ಸ್ಕೂಟಿಯ ಮೇಲೆ ಓಡಾಟ, ಗೋದಾಮಿನ ಮೆಟ್ಟಿಲು ಇದ್ದರೆ ಕುರ್ತಾ-ಪ್ಯಾಂಟು ಹಿತ. ಹೊಲಿಸುವಾಗ ಜೇಬು ಇಡಲು ಟೇಲರನಿಗೆ ತಾಕೀತು ಮಾಡಿ. ಫೋನು, ಕೀಲಿ, ಗುರುತಿನ ಕಾರ್ಡು ಕೈಯಲ್ಲೇ ಹಿಡಿದು ತಿರುಗುವುದು ನಮ್ಮ ಹಣೆಬರಹವೇನೂ ಅಲ್ಲ.

ನಮ್ಮ ವಯಸ್ಸಿನವರಿಗೆ ಇನ್ನೊಂದು ಮಾತು. ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಒಮ್ಮೆ ಕಾದ ಹಂಚಾಗುತ್ತದೆ, ಮರುಕ್ಷಣ ಎ.ಸಿ.ಗೆ ನಡುಗುತ್ತದೆ. ಆಫೀಸುಗಳ ತಂಪಿನ ಮಟ್ಟವನ್ನು ಗೊತ್ತುಮಾಡುವ ಹಳೆಯ ಸೂತ್ರ ನಲವತ್ತು ವರ್ಷದ, ಎಪ್ಪತ್ತು ಕಿಲೋ ತೂಕದ ಗಂಡಸಿನ ಮೈಯನ್ನು ಆಧರಿಸಿದ್ದು ಎಂದು 2015ರಲ್ಲಿ ಇಬ್ಬರು ಡಚ್ ವಿಜ್ಞಾನಿಗಳು ತೋರಿಸಿಕೊಟ್ಟರು. ಹಾಗಾಗಿ ಒಳಗೆ ತೆಳು ಹತ್ತಿ, ಮೇಲೆ ಬೇಕಾದಾಗ ಹೊದೆಯಲು ಒಂದು ಶಾಲು ಇಟ್ಟುಕೊಳ್ಳಿ. ಯಾರಾದರೂ ಶಾಲು ನೋಡಿ ಹುಬ್ಬೇರಿಸಿದರೆ, ಎ.ಸಿ.ಯ ರಿಮೋಟನ್ನು ಕೇಳಿ ಪಡೆಯಿರಿ.

ಹಿರಿತನಕ್ಕೆ ಇನ್ನೊಂದು ಹೊಣೆಯಿದೆ. ಐವತ್ತೈದರ ಹೆಂಗಸು ಆಫೀಸಿಗೆ ಏನು ಉಟ್ಟು ಬರುತ್ತಾಳೋ ಅದು ಇಪ್ಪತ್ತೈದರ ಹುಡುಗಿಗೆ ಪರವಾನಗಿಯಾಗುತ್ತದೆ. ನೀವು ಖಣದ ಪೋಲಕಾ ತೊಟ್ಟು ಲೆಕ್ಕಪತ್ರ ಮಂಡಿಸಿದರೆ ಅವಳೂ ಅಳುಕಿಲ್ಲದೆ ತೊಡುತ್ತಾಳೆ. ಹಾಗೆಯೇ ಅವಳು ಜೀನ್ಸ್ ತೊಟ್ಟು ಬಂದ ದಿನ "ಏನವ್ವಾ ಇದು, ಆಫೀಸೋ ಸಿನೆಮಾನೋ?" ಎಂದು ಕೇಳುವ ಮೊದಲ ಬಾಯಿ ನಮ್ಮದಾಗಬಾರದು. ನಮ್ಮ ಮೇಲೆ ಪ್ರಯೋಗವಾದ ಒಟ್ಟಾರೆ ಇಂಪ್ರೆಶನ್ನನ್ನು ನಾವು ಕಿರಿಯರ ಮೇಲೆ ಪ್ರಯೋಗಿಸಿದರೆ, ಕುರ್ಚಿಯಲ್ಲಿ ಹೆಣ್ಣು ಕೂತದ್ದರಿಂದ ಬದಲಾದದ್ದು ಏನು?

ಇಂದು ನಮ್ಮ ಊರುಗಳಲ್ಲೂ ಸುತ್ತೋಲೆಗೆ ಸಹಿ ಹಾಕುವ ಹುದ್ದೆಗೆ ಹೆಂಗಸರು ಬಂದಿದ್ದಾರೆ. ಅವರಲ್ಲಿ ನನ್ನದೊಂದೇ ಕೋರಿಕೆ. ಆ ಎರಡು ಇಂಗ್ಲಿಷ್ ಪದಗಳನ್ನು ಹೊಡೆದುಹಾಕಿ, ಕೆಲಸಕ್ಕೆ ಏನು ಬೇಕೋ ಅದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ: ಶುಚಿಯಾಗಿರಲಿ, ಓಡಾಡಲು ಬರುವಂತಿರಲಿ, ಯಂತ್ರಕ್ಕೆ ಸಿಲುಕದಿರಲಿ, ಉಳಿದದ್ದು ನಿಮ್ಮಿಷ್ಟ. ಬರೆಯಲು ಕಾರಣ ಸಿಗದಿದ್ದರೆ ಸುತ್ತೋಲೆಯನ್ನೇ ಹೊರಡಿಸಬೇಡಿ. ಮತ್ತು ವರ್ಷದ ಕೊನೆಯಲ್ಲಿ ಯಾರದೇ ವರದಿ ಬರೆಯುವಾಗ ಅವರು ಮಾಡಿದ ಕೆಲಸವನ್ನಷ್ಟೇ ಬರೆಯಿರಿ.