ಕೊಡದೆ ಉಳಿದ ಪದಕಗಳು

ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟ್ ಕ್ಯಾಂಪು ಮೈಸೂರು ಸೀಮೆಯವರಿಗೆ ಹೊಸದಲ್ಲ. ಮುಸುಕಿನ ಜೋಳದ ಹೊಲ, ಗ್ಯುಮೆ ಮಠದ ಮಂತ್ರಘೋಷ, ಚಳಿಗಾಲದ ಸ್ವೆಟರ್ ವ್ಯಾಪಾರ ಎಲ್ಲವೂ ಪರಿಚಿತ. ಇಂಥ ನಿರಾಶ್ರಿತ ಸಮುದಾಯದ ಗಂಡಸರು ಭಾರತಕ್ಕಾಗಿ ಯುದ್ಧದಲ್ಲಿ ಪ್ರಾಣ ಕೊಟ್ಟಿದ್ದಾರೆಂಬುದು ಮಾತ್ರ ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ.

ಚೀನಾ ಯುದ್ಧದ ಕೊನೆಯ ದಿನಗಳಲ್ಲಿ, 1962ರ ನವೆಂಬರ್‌ನಲ್ಲಿ, ಟಿಬೆಟನ್ನರ ಗುಪ್ತ ಪಡೆಯೊಂದು ಚಕ್ರಾತಾದಲ್ಲಿ ಹುಟ್ಟಿತು. ಹೆಸರು ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. ಅವರವರ ಬಾಯಲ್ಲಿ 'ಟೂ ಟೂ'. ಟಿಬೆಟ್ ಬಿಡಿಸಲು ಸೇರಿದವರನ್ನು 1971ರಲ್ಲಿ ಮೇಜರ್ ಜನರಲ್ ಸುಜಾನ್ ಸಿಂಗ್ ಉಬಾನ್ ಚಿತ್ತಗಾಂಗ್ ಗುಡ್ಡಗಾಡಿಗೆ ಕರೆದೊಯ್ದರು. ಬಾಂಗ್ಲಾ ವಿಮೋಚನೆಯ ಅಧಿಕೃತ ಯುದ್ಧಕ್ಕೂ ಮೊದಲೇ, ನವೆಂಬರ್‌ನಲ್ಲೇ, ಅವರು ಗಡಿ ದಾಟಿದ್ದರು. ದಳಪತಿ ಧೋಂಡುಪ್ ಗ್ಯಾತೊತ್ಸಾಂಗ್ ಸೇರಿ ಐವತ್ತರ ಆಸುಪಾಸು ಮಂದಿ ಮಡಿದರು. ಬಂಗಾಳಿಗಳಿಗೆ ಸ್ವಾತಂತ್ರ್ಯ ಸಿಕ್ಕಿತು.

ಟಿಬೆಟನ್ ಯೋಧರಿಗೆ ಸಿಕ್ಕಿದ್ದು ನಗದು ಬಹುಮಾನ. ಸುಮಾರು 580 ಮಂದಿಗೆ ಹಣ ಹಂಚಿ, ಗೋಪ್ಯತೆಯ ಕಾರಣಕ್ಕೆ ಪದಕವನ್ನು ತಡೆಹಿಡಿಯಲಾಯಿತು.

ಇದು ತಪ್ಪು. ಯುದ್ಧ ಪದಕವನ್ನು ಅಂಗೈಯಲ್ಲಿಟ್ಟು ಓರೆ ಮಾಡಿ ನೋಡಿದರೆ, ಅಂಚಿನ ಸುತ್ತ ಸಣ್ಣ ಅಕ್ಷರಗಳಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳ ಕಾಣುತ್ತವೆ. ಬೆರಳಿಗೂ ತಾಗುವ ಆ ಅಕ್ಷರಗಳೇ ಅದರ ಜೀವಾಳ. ಹಣ ಮನೆ ರಿಪೇರಿಗೋ ಮಗಳ ಮದುವೆಗೋ ಕರಗಿಹೋಗುತ್ತದೆ. ಪದಕ ಟ್ರಂಕಿನ ತಳದಲ್ಲಿದ್ದು ಮೊಮ್ಮಗನ ಕೈಗೆ ಸಿಗುತ್ತದೆ. ತಾಯ್ನಾಡನ್ನೇ ಕಳೆದುಕೊಂಡವರ ಮನೆಯಲ್ಲಂತೂ ಅಂಥ ಗುರುತಿನ ಬೆಲೆ ದೊಡ್ಡದು. ಹೈಫಾದಲ್ಲಿ 1918ರಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್‌ಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ. ಪರನಾಡಿನಲ್ಲಿ ಸತ್ತವರನ್ನು ನೆನೆಯುವುದು ನಮಗೆ ಗೊತ್ತು.

ಗೋಪ್ಯತೆಯ ವಾದಕ್ಕೆ ಆಗ ಅರ್ಥವಿತ್ತು, ಒಪ್ಪೋಣ. ಆದರೆ ಉಬಾನ್ ಅವರೇ 1985ರಲ್ಲಿ ಈ ಕಾರ್ಯಾಚರಣೆಯ ಬಗ್ಗೆ ಪುಸ್ತಕ ಬರೆದರು. 2020ರ ಆಗಸ್ಟ್ ಕೊನೆಯಲ್ಲಿ ಪ್ಯಾಂಗಾಂಗ್ ಸರೋವರದ ಬಳಿ ನೆಲಬಾಂಬ್ ಸಿಡಿದು ಇದೇ ಪಡೆಯ ನ್ಯಿಮಾ ತೆಂಜಿನ್ ಮಡಿದಾಗ, ಲೇಹ್‌ನಲ್ಲಿ ಅವರ ಶವಪೆಟ್ಟಿಗೆಗೆ ತ್ರಿವರ್ಣ ಧ್ವಜದ ಜೊತೆ ಟಿಬೆಟ್ ಬಾವುಟವನ್ನೂ ಹೊದಿಸಲಾಗಿತ್ತು. ಇಡೀ ದೇಶ ಅದನ್ನು ಟಿವಿಯಲ್ಲಿ ನೋಡಿತು. ಇನ್ನು ಮುಚ್ಚಿಡಲು ಉಳಿದಿರುವುದೇನು?

1971ರಲ್ಲಿ ಬದುಕಿ ಮರಳಿದವರಲ್ಲಿ ಉಳಿದವರಿಗೆ ಈಗ ಎಪ್ಪತ್ತು ದಾಟಿದೆ. ಅವರು ಕಣ್ಣಾರೆ ಕಾಣುವಂತೆ, ಮಡಿದವರ ಹೆಸರು ಕೆತ್ತಿದ ಪದಕಗಳನ್ನು ಕೇಂದ್ರ ಸರ್ಕಾರ ಆಯಾ ಮನೆಗಳಿಗೆ ತಲುಪಿಸಬೇಕು.